ಕೈಗಡ ತಂದ ಬೇಸ್ ಗಿಟಾರು

ಅಮರ್ತ್ಯ ಸೇನ್ ಅವರ 'ದಿ ಐಡಿಯಾ ಆಫ್ ಜಸ್ಟಿಸ್' ಪುಸ್ತಕದ ಪ್ರಸ್ತಾವನೆಯಲ್ಲಿ ಮೂವರು ಮಕ್ಕಳು ಒಂದು ಕೊಳಲಿಗಾಗಿ ವಾದಿಸುತ್ತಾರೆ. ತತ್ವಶಾಸ್ತ್ರದ ತರಗತಿಯಲ್ಲಿ ಕೂತವರಿಗೆ ಈ ಕಥೆ ಗೊತ್ತಿರುತ್ತದೆ. ಆನ್ ಎಂಬ ಹುಡುಗಿಗೆ ಮಾತ್ರ ಕೊಳಲು ನುಡಿಸಲು ಬರುತ್ತದೆ. ಬಾಬ್ ತೀರಾ ಬಡವ, ಆಡಲು ಅವನ ಬಳಿ ಬೇರೆ ಏನೂ ಇಲ್ಲ. ಕಾರ್ಲಾ ತಿಂಗಳುಗಟ್ಟಲೆ ಕೂತು ಆ ಕೊಳಲನ್ನು ಮಾಡಿದವಳು. ಕೊಳಲು ಯಾರಿಗೆ ಸೇರಬೇಕು? ಮೂವರ ವಾದದಲ್ಲೂ ಹುರುಳಿದೆ, ಒಂದನ್ನು ಎತ್ತಿಹಿಡಿದು ಉಳಿದೆರಡನ್ನು ತಳ್ಳಿಹಾಕುವುದು ಸುಲಭವಲ್ಲ ಎನ್ನುವುದು ಸೇನ್ ಅವರ ಮಾತಿನ ಸಾರ. ಇದಕ್ಕೂ ಎರಡು ಸಾವಿರಕ್ಕೂ ಹೆಚ್ಚು ವರ್ಷ ಮೊದಲು ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್'ನಲ್ಲಿ ಕೊಳಲಿನದ್ದೇ ಉದಾಹರಣೆ ಎತ್ತಿಕೊಂಡು, ಒಳ್ಳೆಯ ಕೊಳಲು ದೊಡ್ಡ ಮನೆತನದವನಿಗೆ ಹೋಗಬೇಕಿಲ್ಲ, ಚೆನ್ನಾಗಿ ನುಡಿಸುವವನಿಗೆ ಹೋಗಬೇಕು ಎಂದು ಹೇಳಿ ಮುಗಿಸಿದ್ದ.

ಈ ಕಥೆ ಓದಿದಾಗಲೆಲ್ಲ ನನಗೊಂದು ಸಣ್ಣ ಕಿರಿಕಿರಿ. ಮೂವರಲ್ಲಿ ಒಬ್ಬರೂ "ಇವತ್ತೊಂದಿನ ಕೊಡು, ನಾಳೆ ತಂದುಕೊಡ್ತೀನಿ" ಎನ್ನುವುದಿಲ್ಲ. ಮೂವರಿಗೂ ಕೊಳಲು ಕಾಯಮ್ಮಾಗಿ ಬೇಕು. ಮಕ್ಕಳನ್ನು ಹತ್ತಿರದಿಂದ ಕಂಡವರು ಯಾರೂ ಇದನ್ನು ನಂಬುವುದಿಲ್ಲ.

ನಾನು ಬೇಸ್ ಗಿಟಾರ್ ನುಡಿಸುವವನು. ಅದರಿಂದ ಹೊಟ್ಟೆ ತುಂಬದ ಕಾರಣ ವಾರದಲ್ಲಿ ಐದು ದಿನ ಬೇರೆ ಕೆಲಸ ಮಾಡುತ್ತೇನೆ. ಬೆಂಗಳೂರಿನಲ್ಲಿ ನನಗೆ ಪರಿಚಯವಿರುವ ಬೇಸ್ ವಾದಕರ ನಡುವೆ ವಾದ್ಯ ಯಾರ ಸ್ವತ್ತು ಎಂಬ ಪ್ರಶ್ನೆ ಏಳುವುದೇ ಅಪರೂಪ. ದುಡ್ಡು ಕೊಟ್ಟವರದ್ದು, ಅಷ್ಟೇ. ತಲೆನೋವು ಇರುವುದು ಶನಿವಾರ ಸಂಜೆ ಅದು ಯಾರ ಹೆಗಲ ಮೇಲಿರುತ್ತದೆ, ಭಾನುವಾರ ಯಾವ ಸ್ಥಿತಿಯಲ್ಲಿ ಮನೆಗೆ ಬರುತ್ತದೆ ಎನ್ನುವುದರಲ್ಲಿ. ವಸ್ತು ಯಾರಿಗೆ ಸೇರಬೇಕು ಎಂಬುದರ ಬಗ್ಗೆ ಸಾವಿರಾರು ಪುಟಗಳ ಚರ್ಚೆ ನಡೆದಿದೆ. ವಸ್ತು ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ ಬರುವಾಗ ಇಬ್ಬರ ನಡುವೆ ಏನು ಸಲ್ಲಬೇಕು ಎಂಬುದು ಅದಕ್ಕಿಂತ ಸಣ್ಣ ಪ್ರಶ್ನೆಯೆಂದು ನನಗೆ ಅನ್ನಿಸಿಲ್ಲ.

ಬೇಸ್ ಗಿಟಾರನ್ನು ಹತ್ತಿರದಿಂದ ಕಾಣದವರಿಗೆ ಎರಡು ಮಾತು. ನೋಡಲು ಗಿಟಾರಿನಂತೆಯೇ ಇರುತ್ತದೆ, ಆದರೆ ಕುತ್ತಿಗೆ ಉದ್ದ, ತಂತಿ ದಪ್ಪ, ಸಾಮಾನ್ಯವಾಗಿ ನಾಲ್ಕೇ ತಂತಿ. ಗಿಟಾರಿನ ದಪ್ಪನೆಯ ನಾಲ್ಕು ತಂತಿಗಳಿಗಿಂತ ಒಂದು ಸಪ್ತಕ ಕೆಳಗೆ ಇದರ ಶ್ರುತಿ. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ಆ ಸ್ವರ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ದೊಡ್ಡ ಸ್ಪೀಕರಿನ ಮುಂದೆ ನಿಂತರೆ ಎದೆಗೆ ತಾಕುತ್ತದೆ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 'ಪ್ರಿಸಿಷನ್ ಬೇಸ್' ಎಂಬ ಹೆಸರಿನಲ್ಲಿ ಇದನ್ನು ಮಾರಾಟಕ್ಕೆ ತಂದ. ಅಲ್ಲಿಯವರೆಗೆ ಆಳೆತ್ತರದ ಡಬಲ್ ಬೇಸನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದವರು, ಹೊಸ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ನಡೆದರು.

ಆದರೂ ನಮ್ಮಲ್ಲಿ ಇದನ್ನು ಕೊಳ್ಳುವವರು ಕಡಿಮೆ. ಕಾಲೇಜಿಗೆ ಸೇರಿದ ಹುಡುಗರು ಮೊದಲು ಗಿಟಾರು ತರುತ್ತಾರೆ, ಆಮೇಲೆ ಕೀಬೋರ್ಡು. ಬ್ಯಾಂಡ್ ಕಟ್ಟಿದ ಮೇಲೆ ಬೇಸ್ ಬೇಕು ಎಂಬ ಜ್ಞಾನೋದಯವಾಗುತ್ತದೆ, ಗಿಟಾರ್ ನುಡಿಸುವವರಲ್ಲಿ ಎಲ್ಲರಿಗಿಂತ ಮೆತ್ತಗಿರುವವನನ್ನು ಹಿಡಿದು ಬೇಸ್‌ಗೆ ನಿಲ್ಲಿಸುತ್ತಾರೆ. ಅವನ ಬಳಿ ವಾದ್ಯವಿರುವುದಿಲ್ಲ. ಹೀಗಾಗಿ ಎಂಟು ಬ್ಯಾಂಡುಗಳು ನುಡಿಸುವ ಕಾಲೇಜು ಹಬ್ಬದಲ್ಲಿ ಬೇಸ್ ಗಿಟಾರುಗಳು ಎರಡೋ ಮೂರೋ. ಅವು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಡ್ರಮ್ಸ್‌ನವರು ಇಡೀ ಸೆಟ್ಟನ್ನು ಹಂಚಿಕೊಂಡರೂ ಸ್ನೇರ್, ಸಿಂಬಲ್, ಪೆಡಲ್ ಮಾತ್ರ ತಮ್ಮದೇ ತರುವುದು ವಾಡಿಕೆ. ಬೇಸ್‌ನವರಿಗೆ ಅಂಥ ಮಡಿ ಇಲ್ಲ. ಆಂಪ್ ಅಂತೂ ಯಾವಾಗಲೂ ಪಂಕ್ತಿ ಭೋಜನ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯಂಥ 300 ವ್ಯಾಟಿನ ಆಂಪನ್ನೂ ಎಂಟು ಸ್ಪೀಕರಿನ ಅದರ ಪೆಟ್ಟಿಗೆಯನ್ನೂ ವೇದಿಕೆಗೆ ಹತ್ತಿಸಲು ನಾಲ್ಕು ಜನ ಬೇಕು. ಹತ್ತಿಸಿದ ಮೇಲೆ ಅದು ಅಂದು ರಾತ್ರಿಯ ಎಲ್ಲ ಬ್ಯಾಂಡುಗಳದ್ದು.

ಕನ್ನಡದಲ್ಲಿ 'ಕೈಗಡ' ಎಂಬ ಒಳ್ಳೆಯ ಪದವಿದೆ. ಪತ್ರವಿಲ್ಲ, ಬಡ್ಡಿಯಿಲ್ಲ, ಸಾಕ್ಷಿಯಿಲ್ಲ, ಕೈಯಿಂದ ಕೈಗೆ. ಪಕ್ಕದ ಮನೆಯಿಂದ ತಂದ ಒಂದು ಲೋಟ ಸಕ್ಕರೆಯೂ ಕೈಗಡವೇ, ಹಬ್ಬಕ್ಕೆಂದು ತಂದ ದೊಡ್ಡ ಪಾತ್ರೆಯೂ ಕೈಗಡವೇ. ಆದರೆ ಎರಡರ ಗುಣ ಬೇರೆ. ತಂದ ಸಕ್ಕರೆಯನ್ನೇ ವಾಪಸ್ ಕೊಡಲಾಗದು, ಬೇರೆ ಸಕ್ಕರೆ ಕೊಡುತ್ತೇವೆ. ಪಾತ್ರೆಯಾದರೆ ಅದೇ ಪಾತ್ರೆ ಹಿಂತಿರುಗಬೇಕು. ಪ್ರಾಚೀನ ರೋಮಿನ ಕಾನೂನು ಇವೆರಡಕ್ಕೂ ಬೇರೆ ಬೇರೆ ಹೆಸರನ್ನೇ ಇಟ್ಟಿತ್ತು.

ಬೇಸ್ ಗಿಟಾರು ಪಾತ್ರೆಯೋ ಸಕ್ಕರೆಯೋ? ಮರದ ಮೈ ಪಾತ್ರೆ. ಅದರ ತಂತಿ ಸಕ್ಕರೆ. ನುಡಿಸಿದಷ್ಟೂ ಬೆರಳಿನ ಬೆವರು, ಸತ್ತ ಚರ್ಮ ಸುರುಳಿಗಳ ಸಂದಿಯಲ್ಲಿ ಕೂತು ನಾದ ಮಂಕಾಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಂತೂ ಬೇಗ ತುಕ್ಕು. ಹೊಸ ಸೆಟ್ಟಿಗೆ ಎರಡು ಮೂರು ಸಾವಿರ ರೂಪಾಯಿ ಕೊಡಬೇಕಾದ್ದರಿಂದ ವಿದ್ಯಾರ್ಥಿಗಳು ಹಳೆಯ ತಂತಿ ಬಿಚ್ಚಿ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಒರೆಸಿ ಒಣಗಿಸಿ ಮತ್ತೆ ಹಾಕುತ್ತಾರೆ. ಕೆಲವು ದಿನ ಹೊಳಪು ಮರಳುತ್ತದೆ. ಅಡುಗೆಮನೆಯಲ್ಲಿ ಅಮ್ಮಂದಿರು ಇದನ್ನು ನೋಡುವ ನೋಟದ ಬಗ್ಗೆಯೇ ಬೇರೆ ಪ್ರಬಂಧ ಬರೆಯಬಹುದು. ಫ್ರೆಟ್‌ಗಳೂ ಸವೆಯುತ್ತವೆ, ಒಂದು ಸಂಜೆಯಲ್ಲಿ ಕಣ್ಣಿಗೆ ಕಾಣದಷ್ಟು, ಹತ್ತು ವರ್ಷದಲ್ಲಿ ಗುಳಿ ಬೀಳುವಷ್ಟು. ಹೀಗೆ ಮುಕ್ಕಾಲು ಪಾತ್ರೆ, ಕಾಲು ಸಕ್ಕರೆಯಾದ ವಸ್ತುವನ್ನು 'ಇದ್ದ ಹಾಗೇ' ವಾಪಸ್ ಕೊಡುವುದೆಂದರೆ ಏನು?

ಇದು ನನ್ನ ಕಣ್ಣೆದುರೇ ಪ್ರಶ್ನೆಯಾದದ್ದು ಕೆಲವು ವರ್ಷಗಳ ಹಿಂದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸಿದ ಹಿರಿಯರೊಬ್ಬರು ನನಗೆ ಪರಿಚಯ. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ ಎಂದು ರಸಮಂಜರಿ ನುಡಿಸದ ತಾಲೂಕು ಅವರ ಪಾಲಿಗೆ ಉಳಿದಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಕಾಲೇಜು ಹಬ್ಬಕ್ಕಾಗಿ ಅವರ ಬೇಸನ್ನು ಕೇಳಿದ. "ಅಣ್ಣ, ಮೂರೇ ದಿನ." ಅವರು ಚೀಲದ ಸಮೇತ ಕೊಟ್ಟರು. ಹುಡುಗ ಹೇಳಿದ ದಿನಕ್ಕೆ ತಂದುಕೊಟ್ಟ. ಮೈಯೆಲ್ಲ ಒರೆಸಿದ್ದ. ಅಷ್ಟೇ ಅಲ್ಲ, ತನ್ನ ದುಡ್ಡಿನಲ್ಲಿ ಹೊಸ ತಂತಿ ಹಾಕಿಸಿದ್ದ, ಮಿರಮಿರ ಮಿಂಚುತ್ತಿದ್ದವು.

ಹಿರಿಯರು ಒಂದು ಸಲ ತಂತಿ ಮೀಟಿದರು, ಇನ್ನೊಂದು ಸಲ ಮೀಟಿದರು. "ಹಳೇ ತಂತಿ ಎಲ್ಲಪ್ಪ?" ಎಂದರು.

"ಎಸೆದ್ಬಿಟ್ಟೆ ಅಣ್ಣ. ಪೂರ್ತಿ ಸತ್ತೋಗಿತ್ತು."

"ಒಳ್ಳೇದು" ಎಂದು ಚೀಲದ ಜಿಪ್ ಎಳೆದರು. ಅವರ ಮುಖ ನೋಡಿ ನಾನು ಮಾತಾಡಲಿಲ್ಲ.

ಅವು ಫ್ಲಾಟ್‌ವೌಂಡ್ ತಂತಿಗಳು. ಸಾಮಾನ್ಯ ತಂತಿಯ ಮೇಲೆ ದುಂಡನೆಯ ಸರಿಗೆ ಸುತ್ತಿರುತ್ತಾರೆ, ಬೆರಳಾಡಿಸಿದರೆ ಗರಗರ ಸದ್ದು, ನಾದ ಚುರುಕು. ಫ್ಲಾಟ್‌ವೌಂಡ್‌ನಲ್ಲಿ ಚಪ್ಪಟೆ ಪಟ್ಟಿ ಸುತ್ತಿರುತ್ತಾರೆ, ನುಣುಪು, ನಾದ ಮೊದ್ದು. ಅವನ್ನು ಬೇಕೆಂದೇ ಹಾಕಿಕೊಳ್ಳುವವರಿಗೆ ಅವು ಹಳತಾದಷ್ಟೂ ಇಷ್ಟ. ಹನ್ನೊಂದು ವರ್ಷದಿಂದ ಆ ತಂತಿಗಳು ಆ ಕುತ್ತಿಗೆಯ ಮೇಲಿದ್ದವು. ಹುಡುಗನ ಕಿವಿಗೆ ಸತ್ತಂತೆ ಕೇಳಿಸಿದ ನಾದವನ್ನೇ ಹಿರಿಯರು ಹನ್ನೊಂದು ವರ್ಷ ಪಳಗಿಸಿದ್ದರು. ಪಳಗಿದ ದೋಸೆ ಕಾವಲಿಯನ್ನು ಸೋಪು ಹಾಕಿ ಬೆಳ್ಳಗೆ ಉಜ್ಜಿ ವಾಪಸ್ ಕೊಟ್ಟ ಹಾಗಾಗಿತ್ತು.

ಅಮೆರಿಕದ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ ಬಗ್ಗೆ ಗೊತ್ತಿರುವವರಿಗೆ ಹಿರಿಯರ ಮುಖ ಅರ್ಥವಾಗುತ್ತದೆ. ಅರವತ್ತರ ದಶಕದಲ್ಲಿ ಮೋಟೌನ್ ಕಂಪನಿಯಿಂದ ಹೊರಬಂದ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದಾತ ಅವನು. ಬಹುಕಾಲ ಯಾವ ತಟ್ಟೆಯ ಮೇಲೂ ಅವನ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' ಬಂದಾಗಲೇ ಮೋಟೌನಿನ ವಾದಕರ ಹೆಸರುಗಳು ಹೊದಿಕೆಯ ಮೇಲೆ ಅಚ್ಚಾದದ್ದು. ಬಲಗೈಯ ತೋರುಬೆರಳೊಂದರಿಂದಲೇ ಅವನು ನುಡಿಸುತ್ತಿದ್ದ. ಅವನ 1962ರ ಪ್ರಿಸಿಷನ್ ಬೇಸಿನ ಮೇಲೆ ದಪ್ಪ ಫ್ಲಾಟ್‌ವೌಂಡ್ ತಂತಿಗಳಿದ್ದವು, ತುಂಡಾಗದ ಹೊರತು ಅವನ್ನು ಬದಲಿಸುತ್ತಿರಲಿಲ್ಲ. ತಂತಿಗೆ ಅಂಟಿದ ಕೊಳೆಯಲ್ಲೇ ತನ್ನ ಸಂಗೀತದ ಗುಟ್ಟಿದೆ ಎಂಬರ್ಥದ ಮಾತು ಅವನದೆಂದು ಬೇಸ್ ವಾದಕರ ನಡುವೆ ಗಾದೆಯಂತೆ ಓಡಾಡುತ್ತದೆ. 1983ರಲ್ಲಿ, ಅವನು ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು ಆ ವಾದ್ಯ ಕಳುವಾಯಿತು. ಕದ್ದವನು ಮೊದಲು ಮಾಡಿದ ಕೆಲಸ ಹೊಸ ತಂತಿ ಹಾಕಿದ್ದೇ ಇರಬಹುದೇನೋ ಎಂದು ಯೋಚಿಸಿದಾಗ ನನಗೆ ಕಳ್ಳತನಕ್ಕಿಂತ ಅದೇ ಹೆಚ್ಚು ಸಂಕಟವಾಗುತ್ತದೆ.

ಆದರೆ ನಮ್ಮ ಹುಡುಗ ಕಳ್ಳನಲ್ಲ. ಅವನ ಪಕ್ಷವನ್ನೂ ಹೇಳಬೇಕು. ಆಮೇಲೆ ಅವನು ನನ್ನ ಬಳಿ ಬಂದು "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದ. ಮಾತಿನ ನಡುವೆ ಅವನ ತಾಯಿಯ ವಿಷಯ ಬಂತು. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು, ಒಂದು ಅಚ್ಚು ಬೆಲ್ಲವನ್ನಾದರೂ ಹಾಕಿ ಕೊಡಬೇಕು ಎಂದು ಅವನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಊರಿನ ಯಾವ ಮನೆಯಲ್ಲಿ ಇದನ್ನು ಹೇಳಿಕೊಡುವುದಿಲ್ಲ? ಮೂರು ದಿನ ಬೇರೆಯವರ ತಂತಿ ಸವೆಸಿದ್ದೇನೆ, ಅದನ್ನು ತುಂಬಿಕೊಡಬೇಕು ಎನ್ನುವುದು ಅವನ ಲೆಕ್ಕ. ಆ ಎರಡೂವರೆ ಸಾವಿರ ಅವನ ಎರಡು ತಿಂಗಳ ಪಾಕೆಟ್ ಮನಿ. ಪಡೆದುದಕ್ಕಿಂತ ಹೆಚ್ಚನ್ನೇ ಅವನು ಕೊಟ್ಟಿದ್ದ.

ಬೆಲ್ಲದ ಅಚ್ಚಿಗೂ ಹೊಸ ತಂತಿಗೂ ಇರುವ ವ್ಯತ್ಯಾಸ ನನಗೆ ಹೊಳೆಯಲು ಸ್ವಲ್ಪ ದಿನ ಹಿಡಿಯಿತು. ಬೆಲ್ಲ ಪಾತ್ರೆಯನ್ನು ಬದಲಿಸುವುದಿಲ್ಲ. ಬೇಡವಾದರೆ ತೆಗೆದಿಟ್ಟು ಪಾತ್ರೆಯನ್ನು ಕಪಾಟಿಗೆ ಸೇರಿಸಬಹುದು. ತಂತಿ ಹಾಗಲ್ಲ. ಅದನ್ನು ಹಾಕಬೇಕಾದರೆ ಹಳೆಯದನ್ನು ತೆಗೆಯಲೇಬೇಕು. ತೆಗೆಯುವ ಹಕ್ಕು ಯಾರದು? ಎಷ್ಟೇ ಬೆಲೆಯದ್ದನ್ನು ತಂದಿಟ್ಟರೂ ಆ ಹಕ್ಕನ್ನು ಕೊಂಡುಕೊಳ್ಳಲಾಗದು ಎಂದು ನನಗನ್ನಿಸುತ್ತದೆ. ಹುಡುಗ ಒಂದು ಫೋನ್ ಮಾಡಿ ಕೇಳಬಹುದಿತ್ತು. ಹಳೆಯ ತಂತಿಗಳನ್ನು ಸುತ್ತಿ ಚೀಲದ ಜೇಬಿನಲ್ಲಿ ಹಾಕಿ ತರಬಹುದಿತ್ತು. ಮೌಲ್ಯದ ಲೆಕ್ಕದಲ್ಲಿ ಅವನು ಸಾಲ ತೀರಿಸಿದ್ದ, ಬಡ್ಡಿಯನ್ನೂ ಕೊಟ್ಟಿದ್ದ. ಆದರೆ ಇನ್ನೊಬ್ಬರ ವಸ್ತುವಿಗೆ ಯಾವುದು ಒಳ್ಳೆಯದು ಎಂದು ತನ್ನ ಕಿವಿಯಿಂದಲೇ ತೀರ್ಮಾನಿಸಿದ್ದ.

ಹಾಗೆಂದು ಹಿರಿಯರನ್ನು ಪೂರ್ತಿ ಬಿಟ್ಟುಬಿಡುವ ಹಾಗಿಲ್ಲ. ನಮ್ಮ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಒಬ್ಬರ ವಸ್ತು ಇನ್ನೊಬ್ಬರ ಕೈಯಲ್ಲಿರುವಾಗ ಯಾರ ಹೊಣೆ ಏನು ಎನ್ನುವ ಬಗ್ಗೆ ಹಲವು ಕಲಮುಗಳಿವೆ. ಕಾನೂನಿನ ಪುಸ್ತಕವೆಂದು ಹೆದರಬೇಕಿಲ್ಲ, ಅದರ ಉದಾಹರಣೆಗಳು ಪಂಚತಂತ್ರದ ಹಾಗೆ ಓದಿಸಿಕೊಳ್ಳುತ್ತವೆ. 150ನೇ ಕಲಮಿನಲ್ಲಿ ಒಂದು ಕುದುರೆ ಬರುತ್ತದೆ. ಒಬ್ಬ ತನ್ನ ತುಂಟ ಕುದುರೆಯನ್ನು ಅದರ ಗುಣ ಹೇಳದೆ ಇನ್ನೊಬ್ಬನಿಗೆ ಕೊಡುತ್ತಾನೆ. ಕುದುರೆ ಓಡುತ್ತದೆ, ಸವಾರ ಬಿದ್ದು ಪೆಟ್ಟುಮಾಡಿಕೊಳ್ಳುತ್ತಾನೆ. ಹೊಣೆ ಕೊಟ್ಟವನದು. ಪುಕ್ಕಟೆ ಕೊಟ್ಟಿದ್ದೇನೆ ಎಂದ ಮಾತ್ರಕ್ಕೆ ತನಗೆ ಗೊತ್ತಿದ್ದ ದೋಷವನ್ನು ಮುಚ್ಚಿಡುವ ಹಾಗಿಲ್ಲ. ಕಾನೂನು ದೋಷದ ಬಗ್ಗೆ ಮಾತ್ರ ಹೇಳುತ್ತದೆ. ನಾನು ಅದನ್ನು ಗುಣಕ್ಕೂ ಹಿಗ್ಗಿಸುತ್ತೇನೆ. "ಈ ತಂತಿ ಹೀಗೇ ಇರಬೇಕು, ಮುಟ್ಟಬೇಡ" ಎಂದು ಹಿರಿಯರು ಒಂದು ಮಾತು ಹೇಳಬಹುದಿತ್ತು. ಕೊಡುವವರ ಮೌನದಲ್ಲಿ ಒಂದು ದೊಡ್ಡಸ್ತಿಕೆ ಇರುತ್ತದೆ. ಷರತ್ತು ಹಾಕಿದರೆ ಸಣ್ಣವನಾಗಿ ಕಾಣುತ್ತೇನೆ ಎಂಬ ಸಂಕೋಚ ಅದು. ಆ ಸಂಕೋಚದ ಬೆಲೆಯನ್ನು ಕೊನೆಗೆ ತೆತ್ತದ್ದು ಇಪ್ಪತ್ತು ವರ್ಷದ ಹುಡುಗ. ಅವನು ಮತ್ತೆ ಅವರ ಮನೆಯ ಕಡೆ ಹೋಗಲಿಲ್ಲ. ಹಿರಿಯರಿಗೂ ಅದು ಬೇಸರದ ಸಂಗತಿಯೇ. ತಂತಿ ಹೋದದ್ದಕ್ಕಿಂತ ಹುಡುಗ ಬರದೇ ಹೋದದ್ದು ದೊಡ್ಡ ನಷ್ಟ ಎಂದು ಅವರಿಗೂ ಗೊತ್ತು.

ಅದೇ ಕಾಯ್ದೆಯ 151ನೇ ಕಲಮು, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ಬೇರೆಯವರ ವಸ್ತುವನ್ನು ನೋಡಿಕೊಂಡರೆ ಸಾಕು ಎನ್ನುತ್ತದೆ. ಬೇಸ್ ವಾದಕರ ವಿಷಯದಲ್ಲಿ ಇದು ಅಪಾಯದ ಅಳತೆ. ನಮ್ಮಲ್ಲಿ ಅನೇಕರು ನಮ್ಮ ವಾದ್ಯವನ್ನು ನೋಡಿಕೊಳ್ಳುವ ರೀತಿ ನೋಡಿದರೆ ಯಾರೂ ನಮಗೆ ಏನನ್ನೂ ಕೊಡಬಾರದು. ಕೇಬಲ್ ಸಿಕ್ಕಿಸಿದಂತೆಯೇ ಗೋಡೆಗೆ ಒರಗಿಸಿಟ್ಟು ಊಟಕ್ಕೆ ಹೋಗುವುದು ಮಾಮೂಲು. ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿಯಿರುವ ಬೇಸ್‌ಗಳಲ್ಲಿ ಕೇಬಲ್ ಸಿಕ್ಕಿಸಿದರೆ ಸ್ವಿಚ್ ಹಾಕಿದಂತೆ, ರಾತ್ರಿಯಿಡೀ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಮರುದಿನ ಮಾಲೀಕ ವೇದಿಕೆ ಹತ್ತಿ ಎರಡನೇ ಹಾಡಿಗೆ ಬರುವಷ್ಟರಲ್ಲಿ ವಾದ್ಯ ಕೆಮ್ಮಲು ಶುರು. ಬೇರೆಯವರ ವಸ್ತುವನ್ನು ಅವರು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು ಎನ್ನುವುದು ಸರಿಯಾದ ಅಳತೆ. ಹಾಗೆ ನೋಡಿಕೊಳ್ಳಬೇಕಾದರೆ ಅವರು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿದಿರಬೇಕು. ಮತ್ತೆ ಅಲ್ಲಿಗೇ ಬಂದೆವು, ಕೇಳುವುದಕ್ಕೆ.

ಕೇಳಿದರೆ ಹೇಳುವ ವಿಷಯದಲ್ಲಿ ಬೇಸ್ ವಾದಕರಷ್ಟು ಉದಾರಿಗಳನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಕುತ್ತಿಗೆ ಬಾಗಿದರೆ ಒಳಗಿನ ಸರಳನ್ನು ಒಂದೇ ಸಲ ಪೂರ್ತಿ ತಿರುಗಿಸಬೇಡ, ಕಾಲು ಸುತ್ತು ತಿರುಗಿಸಿ ಒಂದು ದಿನ ಬಿಡು ಎನ್ನುವುದನ್ನು ನನಗೆ ಹೇಳಿಕೊಟ್ಟವರು ನಾನು ಅದೇ ಮೊದಲ ಸಲ ನೋಡಿದ ವ್ಯಕ್ತಿ. ಪೆಂಡಾಲಿನ ವೇದಿಕೆಗಳಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಬೇಸಿನ ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯುತ್ತದೆ. ತಂತಿ ಆಂಪಿನ ಅರ್ತಿಗೆ ಸೇರಿರುತ್ತದೆ, ಮೈಕು ಧ್ವನಿವರ್ಧಕದವರ ಅರ್ತಿಗೆ. ಎರಡರ ನಡುವೆ ವ್ಯತ್ಯಾಸವಿದ್ದರೆ ಅದು ಹಾದುಹೋಗುವುದು ನಮ್ಮ ಮೈಯಲ್ಲಿ. ಪ್ರಾಣಕ್ಕೇ ಕುತ್ತು ತರಬಹುದು. ಹಿಂದಿನ ಬ್ಯಾಂಡಿನವನು ವೇದಿಕೆ ಇಳಿಯುತ್ತ "ಗುರು, ಮೈಕ್ ಮುಟ್ಬೇಡ, ಹೊಡೀತಿದೆ" ಎಂದು ಹೇಳಿ ಹೋಗುತ್ತಾನೆ. ಸ್ಪರ್ಧೆಯಲ್ಲಿ ಅವನು ನಮ್ಮ ಎದುರಾಳಿ. ಆದರೂ ಹೇಳುತ್ತಾನೆ.

ಇಂಥ ತಿಳಿವಳಿಕೆ ಕೊಟ್ಟರೆ ಸವೆಯುವುದಿಲ್ಲ, ಅದಕ್ಕೇ ಧಾರಾಳವಾಗಿ ಕೊಡುತ್ತಾರೆ ಎನ್ನಬಹುದು. ಆ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೊಟ್ಟರೆ ಸವೆಯದ ವಿದ್ಯೆಯನ್ನು ಮುಚ್ಚಿಟ್ಟುಕೊಂಡವರ ಕಥೆಗಳು ಸಂಗೀತದಲ್ಲಿ ಬೇಕಾದಷ್ಟಿವೆ. ಹಿಂದೂಸ್ತಾನಿಯ ಹಳೆಯ ಘರಾಣೆಗಳಲ್ಲಿ ಅಪರೂಪದ ಬಂದಿಶ್‌ಗಳನ್ನು ಮನೆಯವರಿಗಲ್ಲದೆ ಬೇರೆಯವರಿಗೆ ಕೊಡದೆ ಕಾಪಾಡಿಕೊಂಡ ಉಸ್ತಾದರಿದ್ದರು. ನಮ್ಮ ಬೇಸ್‌ನವರೂ ತಂತಿ, ಸರಳು, ಶಾಕ್‌ಗಳ ಬಗ್ಗೆ ಎಷ್ಟು ಬೇಕಾದರೂ ಹೇಳುತ್ತಾರೆ, ಯಾವ ಆಯೋಜಕ ಹೇಳಿದ ದಿನಕ್ಕೆ ದುಡ್ಡು ಕೊಡುತ್ತಾನೆ ಎಂದು ಕೇಳಿದರೆ ಆಕಾಶ ನೋಡುತ್ತಾರೆ. ಸವೆಯುವುದು ಸವೆಯದಿರುವುದಕ್ಕಿಂತ ಬೇರೇನೋ ಇಲ್ಲಿದೆ. ಯಾವುದನ್ನು ಕೊಟ್ಟರೆ ತನ್ನ ಜಾಗ ಹೋಗುತ್ತದೋ ಅದನ್ನು ಮನುಷ್ಯ ಮುಚ್ಚಿಡುತ್ತಾನೆ.

ಈ 'ಜಾಗ'ವನ್ನೂ ಕೈಗಡ ಕೊಡುವುದುಂಟು, ಅದು ವಾದ್ಯವನ್ನು ಕೊಡುವುದಕ್ಕಿಂತ ನಾಜೂಕು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿಯಿತ್ತು. ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ದುಡ್ಡಿನ ಮಾತಿಲ್ಲ. ಗಣೇಶನ ಹಬ್ಬದ ದಿನಗಳಲ್ಲಿ ಬೇಸ್ ವಾದಕರು ನಡೆಸುವುದು ಇದನ್ನೇ. ಒಂದೇ ರಾತ್ರಿ ಎರಡು ಕಡೆ ಒಪ್ಪಿಕೊಂಡವನು ಒಂದು ಕಡೆಗೆ ಬದಲಿಯನ್ನು ಕಳಿಸುತ್ತಾನೆ. ಬದಲಿ ಹೋದವನಿಗೆ ಅಲಿಖಿತ ನಿಯಮಗಳಿವೆ. ತನ್ನ ಚಮತ್ಕಾರ ತೋರಿಸುವಂತಿಲ್ಲ, ಜಾಗದ ಒಡೆಯ ನುಡಿಸುವ ಹಾಗೆ ನುಡಿಸಬೇಕು. ಗಾಯಕಿ ಮೆಚ್ಚಿ "ಮುಂದಿನ ವಾರ ನೀವೇ ಬನ್ನಿ" ಎಂದರೆ "ಅವರಿಗೇ ಫೋನ್ ಮಾಡಿ ಮೇಡಂ" ಎನ್ನಬೇಕು. ಎಲ್ಲರೂ ಹೀಗೆ ನಡೆದುಕೊಳ್ಳುತ್ತಾರೆಂದು ಹೇಳಲಾರೆ. ನಡೆದುಕೊಳ್ಳದವನ ಹೆಸರು ಒಂದು ಹಬ್ಬ ಕಳೆಯುವುದರೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. ಬದಲಿ ಹೋದವನು ನಿಜಕ್ಕೂ ಹೆಚ್ಚು ಚೆನ್ನಾಗಿ ನುಡಿಸಿದರೆ? ಅರಿಸ್ಟಾಟಲ್ ಪ್ರಕಾರ ಜಾಗ ಅವನದೇ. ಕೇಳುಗರ ಹಿತವೂ ಅದರಲ್ಲೇ ಇದೆ. ಚೆನ್ನಾಗಿ ನುಡಿಸುವವನು ತಗ್ಗಿ ನುಡಿಸುವುದು ಸಂಗೀತಕ್ಕೆ ಮಾಡುವ ದ್ರೋಹ ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ನಾನು ಅವರೊಂದಿಗೆ ಒಪ್ಪುವುದಿಲ್ಲ. ಅವನಿಗೆ ತನ್ನದೇ ಬ್ಯಾಂಡಿನಲ್ಲಿ, ತನ್ನದೇ ಹೆಸರಿನಲ್ಲಿ ನುಡಿಸಲು ಯಾರ ಅಡ್ಡಿಯೂ ಇಲ್ಲ. ನಂಬಿ ಬಿಟ್ಟುಕೊಟ್ಟ ಜಾಗದಲ್ಲಿ ಗೆದ್ದರೆ, ಮುಂದಿನ ವರ್ಷದಿಂದ ಜ್ವರ ಬಂದರೂ ಯಾರೂ ಜಾಗ ಬಿಟ್ಟುಕೊಡುವುದಿಲ್ಲ. ಮಲಗಬೇಕಾದವನು ಎದ್ದು ಬಂದು ಕೆಟ್ಟದಾಗಿ ನುಡಿಸುತ್ತಾನೆ. ಕೇಳುಗರಿಗೆ ಅದರಿಂದೇನು ಲಾಭ?

ಮತ್ತೊಮ್ಮೆ ಆ ಕಾಯ್ದೆಗೆ ಹೋಗುತ್ತೇನೆ, ಅದರ ಹಸುವಿಗಾಗಿ. 163ನೇ ಕಲಮಿನ ಉದಾಹರಣೆಯಲ್ಲಿ ಒಬ್ಬ ತನ್ನ ಹಸುವನ್ನು ಇನ್ನೊಬ್ಬನ ಬಳಿ ನೋಡಿಕೊಳ್ಳಲು ಬಿಟ್ಟಿದ್ದಾನೆ. ಅಲ್ಲಿ ಹಸು ಕರು ಹಾಕುತ್ತದೆ. ಹಿಂದಿರುಗಿಸುವಾಗ ಹಸುವಿನ ಜೊತೆ ಕರುವನ್ನೂ ಕೊಡಬೇಕು. ಹಸುವಿನ ವಿಷಯದಲ್ಲಿ ಇದು ಸ್ಪಷ್ಟ. ಕೈಗಡ ತಂದ ಬೇಸಿನ ಕರು ಯಾವುದು? ಆ ರಾತ್ರಿಯ ಸಂಭಾವನೆಯೇ? ಹಾಗಾದರೆ ಕೈಗಡ ಹೋಗಿ ಬಾಡಿಗೆಯಾಗುತ್ತದೆ. ಅದರಲ್ಲಿ ಹುಟ್ಟಿದ ಹಾಡೇ? ಅದು ನುಡಿಸಿದವನದು. ಆದರೂ ಏನೋ ಒಂದು ಕರು ಇದೆ ಎಂಬ ಅನುಮಾನ ನನ್ನನ್ನು ಬಿಡುವುದಿಲ್ಲ. ಬೇರೆಯವರ ಕೈಗೆ ಹೋಗಿ ಬಂದ ಬೇಸನ್ನು ಮತ್ತೆ ಎತ್ತಿಕೊಂಡಾಗ ಕೆಲವೊಮ್ಮೆ ಅದರಲ್ಲಿ ನಾನು ಎಂದೂ ಹಿಡಿಯದ ಜಾಗಗಳು ಸಡಿಲಾಗಿರುತ್ತವೆ. ಹನ್ನೆರಡನೇ ಫ್ರೆಟ್‌ನ ಆಚೆ ನಾನು ಹೋಗುವುದೇ ಕಡಿಮೆ, ಯಾರೋ ಅಲ್ಲಿ ಓಡಾಡಿದ ಗುರುತು ಕಂಡರೆ ನನಗೂ ಹೋಗಬೇಕೆನ್ನಿಸುತ್ತದೆ. ಕಾನೂನಿಗೆ ಕಾಣದ ಕರು ಇದು.

ಕೊನೆಗೆ ಒಡೆಯನ ಹಕ್ಕಿನ ಬಗ್ಗೆ. ಇಷ್ಟು ಹೊತ್ತು ವಾದ್ಯ ದುಡ್ಡು ಕೊಟ್ಟವರದ್ದು ಎಂದು ನಿಸ್ಸಂಶಯವಾಗಿ ಬರೆದೆ. ಆ ನಿಸ್ಸಂಶಯ ಅಲುಗಾಡುವುದು ಜಾಕೋ ಪಾಸ್ಟೋರಿಯಸ್‌ನ ವಾದ್ಯದ ಮುಂದೆ. ಅದು 1962ರ ಫೆಂಡರ್ ಜಾಝ್ ಬೇಸ್, ಫ್ರೆಟ್‌ಗಳನ್ನು ಕಿತ್ತು ಬರಿಯ ಮರದ ಮೇಲೆ ಬೆರಳಾಡುವಂತೆ ಮಾಡಿದ್ದು. ಒರಟು ತಂತಿಗಳು ಮರವನ್ನು ತಿನ್ನದಿರಲೆಂದು ಜಾಕೋ ಅದಕ್ಕೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದಿದ್ದ. 1976ರಲ್ಲಿ ಬಂದ ಅವನ ಮೊದಲ ತಟ್ಟೆ ಕೇಳಿದವರಿಗೆ ಬೇಸ್ ಹೀಗೂ ಹಾಡಬಲ್ಲದು ಎಂದು ಗೊತ್ತಾಯಿತು. ಮನಸ್ಸಿನ ಕಾಯಿಲೆ, ಕುಡಿತ ಅವನನ್ನು ಹಣ್ಣುಮಾಡಿದ ವರ್ಷಗಳಲ್ಲಿ ಆ ವಾದ್ಯವೂ ಒಮ್ಮೆ ಚೂರುಚೂರಾಯಿತು. ವಾದ್ಯ ರಿಪೇರಿ ಮಾಡುವ ಇಬ್ಬರು ಆ ಚೂರುಗಳನ್ನು ಒಂದೊಂದಾಗಿ ಅಂಟಿಸಿ ಮತ್ತೆ ನಿಲ್ಲಿಸಿದರು. 1986ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಅದು ಕಳುವಾಯಿತು. ಮರುವರ್ಷ, 35ನೇ ವಯಸ್ಸಿನಲ್ಲಿ, ಕ್ಲಬ್ಬೊಂದರ ಬಾಗಿಲಲ್ಲಿ ತಿಂದ ಏಟಿನಿಂದ ಜಾಕೋ ಸತ್ತ.

ಒಡೆಯನೇ ಒಡೆದರೆ ಅದು ಅವನ ಹಕ್ಕು ಎನ್ನುತ್ತದೆ ಕಾನೂನು. ಅಂಟಿಸಿದ ಇಬ್ಬರು ಹಾಗೆ ಯೋಚಿಸಿದ್ದರೆ ಚೂರುಗಳನ್ನು ಚೀಲದಲ್ಲಿ ತುಂಬಿ ವಾಪಸ್ಕೊಡುತ್ತಿದ್ದರು.

2006ರಲ್ಲಿ ಆ ಬೇಸ್ ನ್ಯೂಯಾರ್ಕಿನ ಒಂದು ವಾದ್ಯದ ಅಂಗಡಿಯಲ್ಲಿ ಕಾಣಿಸಿಕೊಂಡಿತು. ಅಂಗಡಿಯವರು ದುಡ್ಡು ಕೊಟ್ಟು ಕೊಂಡದ್ದು. ಜಾಕೋನ ಮಕ್ಕಳಿಗೆ ಅದು ಅಪ್ಪನ ವಸ್ತು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಸೇನ್ ಅವರ ಕಥೆಯ ಪಾತ್ರಗಳೆಲ್ಲ ಇಲ್ಲಿ ಬೇರೆ ವೇಷದಲ್ಲಿ ಬಂದು ನಿಂತಿದ್ದರು ಎನ್ನಬಹುದು. ಆಗ ಮೆಟಾಲಿಕಾ ಬ್ಯಾಂಡಿನ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಮುಂದೆ ಬಂದು ಹಣ ಕೊಟ್ಟು ಅದನ್ನು ಬಿಡಿಸಿಕೊಂಡ. ಕಾಗದದ ಮೇಲೆ ಒಡೆಯನಾದದ್ದು ಅವನೇ. ಆದರೆ ಜಾಕೋನ ಕುಟುಂಬ ಯಾವಾಗ ಕೇಳಿದರೂ, ತಾನು ಕೊಟ್ಟ ಬೆಲೆಗೇ, ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟ. ಕೊಂಡದ್ದನ್ನು ಕೈಗಡ ತಂದ ಹಾಗೆ ಇಟ್ಟುಕೊಂಡ ಇನ್ನೊಂದು ಉದಾಹರಣೆ ನನಗೆ ಸದ್ಯಕ್ಕೆ ನೆನಪಾಗುತ್ತಿಲ್ಲ. ಬೆರಳಿಡುವ ಮರದ ಮೇಲೆ ಆ ಎಪಾಕ್ಸಿ ಇದೆ. ಅಂಟಿಸಿದ ಸೀಳುಗಳನ್ನು ಹತ್ತಿರದಿಂದ ತೆಗೆದ ಫೋಟೋಗಳಲ್ಲಿ ಎಣಿಸಬಹುದು.